ಮರೆವಿನ ಮೂಲವನ್ನರಸಿ

ನಮ್ಮ ದೊಡ್ಡಮ್ಮನವರು ಬೆಳಗಿನ ಜಾವದಲ್ಲೆದ್ದು, ಅಂಗಳಕ್ಕೆ ಸಗಣಿನೀರು ಚಿಮುಕಿಸಿ, ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ರಂಗವಲ್ಲಿಯ ಹುಡಿಯನ್ನು ಸಣ್ಣಗೆ ಜಾರಿಸುತ್ತ, ಹದಿನೈದು ಚುಕ್ಕಿಯಿಂದ ಒಂದು ಚುಕ್ಕಿಗೆ ಇಳಿದುಬರುವ ಸಾಲುಗಳನ್ನಿಟ್ಟು, ಆ ಚುಕ್ಕಿಗಳನ್ನೆಲ್ಲ ಒಂದೇ ಎಳೆಯಿಂದ ಬಳಸಿ ಮುಗಿಸುತ್ತಿದ್ದುದನ್ನು ನಾನು ಬಾಲ್ಯದಿಂದಲೂ ನೋಡಿದವನು. ಅವರಿಗೆ ಅರವತ್ತೆಂಟು ವರ್ಷವಾಗಿದ್ದಾಗ ಒಂದು ದಿನ, ಚುಕ್ಕಿಗಳನ್ನೆಲ್ಲ ಎಂದಿನಂತೆಯೇ ಇಟ್ಟವರು, ಎಳೆಯನ್ನು ಎಲ್ಲಿಂದ ಹೊರಡಿಸಬೇಕೆಂಬುದು ತೋಚದೆ, ಹುಡಿಯ ಬಟ್ಟಲನ್ನು ಹಿಡಿದುಕೊಂಡು ಹೊಸ್ತಿಲ ಮುಂದೆ ಬಿಸಿಲೇರುವತನಕ ಕುಳಿತೇ ಇದ್ದರು. ಒಳಗೆ ಬಂದು ‘ಕೈ ಯಾಕೋ ಓಡಲಿಲ್ಲ ಕಣೋ’ ಎಂದಷ್ಟೇ ಹೇಳಿದರು.

‘ಅರವತ್ತಕ್ಕೆ ಅರಳುಮರಳು’ ಎಂದು ಮನೆಯವರು ನಕ್ಕರು. ಆ ನಗುವಿನಲ್ಲಿ ಕ್ರೌರ್ಯವೇನೂ ಇರಲಿಲ್ಲ. ಹೇಳಲು ಬೇರೊಂದು ಮಾತು ನಮಗೆ ತಿಳಿದಿರಲಿಲ್ಲ, ಅಷ್ಟೆ. ಅದಕ್ಕೆ ಒಂದೆರಡು ವರ್ಷ ಮೊದಲಿನಿಂದಲೇ ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಹಾಲಿನವನಿಗೆ ಕೊಟ್ಟ ದುಡ್ಡನ್ನು ಮತ್ತೆ ಕೊಡಹೋಗುವುದು, ‘ಊಟ ಆಯ್ತೇನೋ ಮಗು?’ ಎಂದು ಕಾಲುಗಂಟೆಯೊಳಗೆ ನಾಲ್ಕು ಬಾರಿ ಕೇಳುವುದು ನಡೆದೇ ಇದ್ದಿತು. ಆದರೆ ಎಳೆವಯಸ್ಸಿನಲ್ಲಿ ಕಲಿತ ಹಸೆಹಾಡುಗಳು ಒಂದು ನುಡಿಯೂ ತಪ್ಪದೆ ಅವರ ಬಾಯಿಂದ ಬರುತ್ತಿದ್ದುದರಿಂದ, ಅವರ ಸ್ಮರಣಶಕ್ತಿಗೆ ಕುಂದು ಬಂದಿತೆಂದು ನಂಬಲು ಯಾರಿಗೂ ಮನಸ್ಸಾಗಲಿಲ್ಲ. ಕಿವಿ ಮಾತ್ರ ಹತ್ತು ವರ್ಷಗಳಿಂದ ಮಂದವಾಗಿದ್ದಿತು; ಅದನ್ನೂ ನಾವು ವಯೋಧರ್ಮದ ಲೆಕ್ಕಕ್ಕೇ ಬರೆದುಕೊಂಡಿದ್ದೆವು. ಏಳು ವರ್ಷಗಳ ತರುವಾಯ, ಹೆತ್ತ ಮಗನನ್ನೇ ‘ನೀನು ಯಾರ ಪೈಕಿಯಪ್ಪ?’ ಎಂದು ಕೇಳುತ್ತ, ತಮ್ಮ ತಾಯಿಯನ್ನು ಕರೆಯುತ್ತ ಅವರು ತೀರಿಕೊಂಡರು.

ವಯಸ್ಸಾದವರೆಲ್ಲರೂ ಸ್ವಲ್ಪಮಟ್ಟಿಗೆ ಮರೆಯುತ್ತಾರೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಾರ್ಧಕ್ಯ. ಆ ಕನ್ನಡಕ ಯಾತಕ್ಕಾಗಿ ಇರುವುದೆಂಬುದನ್ನೇ ಮರೆಯುವುದು ವ್ಯಾಧಿ. ಸ್ಮೃತಿ, ಭಾಷೆ, ವಿವೇಚನೆ, ದಿಕ್ಕಿನ ಅರಿವು, ಒಂದೊಂದಾಗಿ ಕುಸಿಯುತ್ತ ದೈನಂದಿನ ಬಾಳುವೆಯೇ ಅಸಾಧ್ಯವಾಗುವ ಅವಸ್ಥೆಗೆ ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. ಅದಕ್ಕೆ ಕಾರಣವಾಗುವ ರೋಗಗಳು ಹಲವು. ಅವುಗಳಲ್ಲಿ ಪ್ರಧಾನವಾದದ್ದು ಆಲ್ಝೈಮರ್ ರೋಗ. ಜಗತ್ತಿನಲ್ಲಿ ಡಿಮೆನ್ಶಿಯಾಕ್ಕೆ ತುತ್ತಾದ ಸುಮಾರು 5 ಕೋಟಿ 70 ಲಕ್ಷ ಜನರಲ್ಲಿ ನೂರಕ್ಕೆ 60ರಿಂದ 70 ಮಂದಿಯಲ್ಲಿ ಈ ರೋಗವೇ ಮೂಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಶಿಯಾ ಇರುವುದಾಗಿ 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದು ಗಣಿಸಿದೆ. ಇಷ್ಟು ವಿಪುಲವಾದ ಈ ವ್ಯಾಧಿಗೆ ಕಾರಣವೇನೆಂಬ ಅನ್ವೇಷಣೆ ನೂರಿಪ್ಪತ್ತು ವರ್ಷಗಳಿಂದ ನಡೆದಿದೆ. ಅದರ ಆರಂಭವು ವೃದ್ಧೆಯೊಬ್ಬಳಲ್ಲಿ ಆಗದೆ ಐವತ್ತೊಂದು ವರ್ಷದ ಗೃಹಿಣಿಯೊಬ್ಬಳಲ್ಲಿ ಆದದ್ದು ಗಮನಾರ್ಹ.

1901ನೆಯ ಇಸವಿಯ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಅಗಸ್ಟ್ ಡೀಟರ್ ಎಂಬಾಕೆಯನ್ನು ರೈಲ್ವೆ ಗುಮಾಸ್ತನಾಗಿದ್ದ ಆಕೆಯ ಪತಿ ಕರೆತಂದನು. ಮೊದಲು ಆಕೆಗೆ ಪತಿಯ ನಡತೆಯ ಮೇಲೆ ಅಕಾರಣವಾದ ಸಂಶಯ ಹುಟ್ಟಿತು. ಬಳಿಕ ಅಡುಗೆ ಕೆಡತೊಡಗಿತು, ವಸ್ತುಗಳನ್ನು ಬಚ್ಚಿಟ್ಟು ಮರೆಯುವುದು ಮೊದಲಾಯಿತು. ಅಲ್ಲಿನ ವೈದ್ಯ ಆಲೋಯಿಸ್ ಆಲ್ಝೈಮರ್ ಮರುದಿನ ಅವಳ ಹಾಸಿಗೆಯ ಬಳಿ ಕುಳಿತು, ತಾನು ಕೇಳಿದ ಪ್ರಶ್ನೆಗಳನ್ನೂ ಅವಳು ಕೊಟ್ಟ ಉತ್ತರಗಳನ್ನೂ ಒಂದನ್ನೂ ಬಿಡದೆ ಬರೆದುಕೊಂಡನು. ಹೆಸರನ್ನು ಕೇಳಿದರೆ ‘ಅಗಸ್ಟ್’ ಎಂದಳು. ಗಂಡನ ಹೆಸರನ್ನು ಕೇಳಿದರೂ ‘ಅಗಸ್ಟ್’ ಎಂದೇ ಹೇಳಿದಳು. ಮಧ್ಯಾಹ್ನ ತಟ್ಟೆಯಲ್ಲಿದ್ದ ಹೂಕೋಸನ್ನೂ ಹಂದಿಮಾಂಸವನ್ನೂ ತಿನ್ನುತ್ತಿರುವಾಗ ಏನು ತಿನ್ನುತ್ತಿರುವೆಯೆಂದು ವಿಚಾರಿಸಿದರೆ ಪಾಲಕ್ ಎಂದಳು. ಹೆಸರನ್ನು ಬರೆಯಲು ಕಾಗದ ಕೊಟ್ಟಾಗ ‘ಶ್ರೀಮತಿ’ ಎಂಬುದನ್ನು ಮಾತ್ರ ಬರೆದು, ಮುಂದಿನದನ್ನು ಮರೆತು, ಕೈಚೆಲ್ಲಿದಳು. ತನ್ನನ್ನು ತಾನೇ ಕಳೆದುಕೊಂಡಿರುವೆನೆಂಬ ಅರ್ಥದ ಮಾತನ್ನು ಅವಳು ಹೇಳಿದ್ದಳೆಂಬುದು ಆ ಕಡತದಿಂದ ತಿಳಿದುಬರುತ್ತದೆ. ಹಲವು ದಶಕ ಕಾಣೆಯಾಗಿದ್ದ ಆ ಕಡತ 1995ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯ ದಾಖಲೆಗಳ ನಡುವೆ ಮತ್ತೆ ದೊರೆಯಿತು; ಅದರ ವೃತ್ತಾಂತವನ್ನು ಓದಿದಾಗಲೆಲ್ಲ ನನಗೆ ಕಣ್ಣಮುಂದೆ ಬರುವುದು ಹುಡಿಯ ಬಟ್ಟಲನ್ನು ಹಿಡಿದು ಕುಳಿತ ನಮ್ಮ ದೊಡ್ಡಮ್ಮನವರೇ.

ಆಲ್ಝೈಮರ್ ಮುಂದೆ ಮ್ಯೂನಿಕ್ ನಗರಕ್ಕೆ ಹೋದನು. ಆದರೂ ಆ ರೋಗಿಯ ವರ್ತಮಾನವನ್ನು ವಿಚಾರಿಸುವುದನ್ನು ಬಿಡಲಿಲ್ಲ. 1906ರ ಏಪ್ರಿಲ್ 8ರಂದು ಅವಳು ಮರಣಹೊಂದಿದಾಗ ಅವಳ ಮಿದುಳನ್ನು ತರಿಸಿಕೊಂಡು, ಅದರ ತೆಳುವಾದ ಪದರಗಳಿಗೆ ಆಗಷ್ಟೇ ಬಳಕೆಗೆ ಬಂದಿದ್ದ ಬೆಳ್ಳಿಯ ಲವಣದ ಬಣ್ಣವನ್ನು ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಎರಡು ವಿಕಾರಗಳು ಅವನಿಗೆ ಕಂಡವು. ನರಕೋಶಗಳ ಹೊರಗೆ, ಅಕ್ಕಿ ತೊಳೆದ ನೀರಿನ ತಳದಲ್ಲಿ ಗಸಿ ಕೂಡುವಂತೆ, ಯಾವುದೋ ವಸ್ತು ಅಲ್ಲಲ್ಲಿ ಮುದ್ದೆಗಟ್ಟಿ ನಿಂತಿದ್ದಿತು. ನರಕೋಶಗಳ ಒಳಗೆ ಸೂಕ್ಷ್ಮವಾದ ತಂತುಗಳು ಹೆಣೆದುಕೊಂಡು, ಬಿಡಿಸಲಾಗದ ನೂಲಿನ ಸಿಕ್ಕಿನಂತಾಗಿದ್ದವು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ ನಗರದ ವೈದ್ಯಸಭೆಯಲ್ಲಿ ಅವನು ಇದನ್ನು ನಿವೇದಿಸಿದಾಗ ಸಭಿಕರಲ್ಲೊಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಅವನ ಗುರುಸ್ಥಾನದಲ್ಲಿದ್ದ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರನ ಹೆಸರನ್ನಿಟ್ಟ ಮೇಲೆಯೇ ಅದಕ್ಕೆ ಗಣ್ಯತೆ ಬಂದಿತು.

ಈ ಕಥೆಯಲ್ಲಿ ಇನ್ನೊಬ್ಬನ ಹೆಸರನ್ನೂ ಹೇಳದೆ ಹೋಗುವುದು ನ್ಯಾಯವಲ್ಲ. ಪ್ರಾಗ್ ನಗರದ ಆಸ್ಕರ್ ಫಿಷರ್ ಎಂಬ ವೈದ್ಯನು 1907ರಲ್ಲಿಯೇ, ವೃದ್ಧಾಪ್ಯದ ಮರೆವಿನಿಂದ ನರಳಿ ಸತ್ತ 16 ಮಂದಿಯಲ್ಲಿ 12 ಮಂದಿಯ ಮಿದುಳಿನಲ್ಲಿ ಇಂಥದೇ ಗಸಿಯನ್ನು ಕಂಡು ವಿವರವಾಗಿ ಬರೆದನು. ಯೆಹೂದ್ಯನಾದ ಅವನು ನಾಜಿಗಳ ಕೈಗೆ ಸಿಕ್ಕಿ 1942ರಲ್ಲಿ ಟೆರೆಜೀನಿನ ಸೆರೆಮನೆಯಲ್ಲಿ ಪ್ರಾಣಬಿಟ್ಟನು. ಅವನ ಗ್ರಂಥಗಳು ಬಹುಕಾಲ ಮರೆವಿಗೆ ಸಂದವು. ಫಿಷರನ ಮಾತಿಗೆ ಕಿವಿಗೊಟ್ಟಿದ್ದರೆ ಅರ್ಧ ಶತಮಾನದ ಒಂದು ಭ್ರಾಂತಿ ತಪ್ಪುತ್ತಿತ್ತೆಂದು ನನಗೆ ತೋರುತ್ತದೆ. ಏಕೆಂದರೆ ಆಲ್ಝೈಮರ್ ರೋಗವೆಂಬುದು ನಡುವಯಸ್ಸಿನವರಿಗೆ ಬರುವ ವಿರಳವಾದ ವ್ಯಾಧಿಯೆಂದೂ, ಮುದುಕರ ಅರಳುಮರಳು ರಕ್ತನಾಳಗಳು ಪೆಡಸಾದುದರ ಫಲವೆಂದೂ, ಅದು ಬಹುಮಟ್ಟಿಗೆ ವಯೋಧರ್ಮವೇ ಎಂದೂ ವೈದ್ಯಲೋಕವು 1960ರ ದಶಕದ ಪರ್ಯಂತ ಭಾವಿಸಿತ್ತು. 1968ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ಬ್ಲೆಸ್ಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು ವಿದ್ವಾಂಸರು ವೃದ್ಧರ ಮಿದುಳುಗಳಲ್ಲಿ ಗಸಿಯ ಮುದ್ದೆಗಳನ್ನು ಎಣಿಸಿ, ಬದುಕಿದ್ದಾಗಿನ ಮರೆವಿನ ಪ್ರಮಾಣಕ್ಕೂ ಆ ಎಣಿಕೆಗೂ ಸಂಬಂಧವುಂಟೆಂದು ತೋರಿಸಿದರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್, ಐವತ್ತರಲ್ಲಿ ಬಂದರೂ ಎಂಬತ್ತರಲ್ಲಿ ಬಂದರೂ ರೋಗವೊಂದೇ ಎಂದು ಸಾರಿದನು. ನಮ್ಮ ಮನೆಗಳಲ್ಲಿ ಆ ತಿಳಿವು ಇನ್ನೂ ಪೂರ್ತಿಯಾಗಿ ಕಾಲಿಟ್ಟಿಲ್ಲ.

ಕಾರಣವನ್ನು ಹುಡುಕುವಾಗ ಮನುಷ್ಯನ ಮನಸ್ಸು ಒಬ್ಬನೇ ಅಪರಾಧಿಯನ್ನು ಬಯಸುತ್ತದೆ. ಹಾಗೆ ಹಿಡಿದು ತಂದ ಅಪರಾಧಿಗಳಲ್ಲಿ ನಮ್ಮವರಿಗೆ ಅತ್ಯಂತ ಪರಿಚಿತವಾದದ್ದು ಅಲ್ಯೂಮಿನಿಯಂ. 1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣವನ್ನು ಚುಚ್ಚಿದಾಗ ನರಕೋಶಗಳಲ್ಲಿ ನೂಲಿನಂಥ ಸಿಕ್ಕು ಕಾಣಿಸಿಕೊಂಡಿತು. 1970ರ ದಶಕದಲ್ಲಿ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕೆಲವರಿಗೆ, ಆ ನೀರಿನಲ್ಲಿದ್ದ ಅಲ್ಯೂಮಿನಿಯಮ್ಮಿನಿಂದ ಬುದ್ಧಿಭ್ರಮಣೆಯಾದದ್ದೂ ನಿಜ. ಸುದ್ದಿ ಪತ್ರಿಕೆಗಳಿಗೆ ಹಬ್ಬಿ, ಅಡುಗೆಮನೆಯ ಹಿಂಡಾಲಿಯಂ ಪಾತ್ರೆಗಳನ್ನೆಲ್ಲ ಗುಜರಿಗೆ ಹಾಕಿದ ಮನೆಗಳನ್ನು ನಾನು ಬಲ್ಲೆ. ಆದರೆ ಮೊಲದ ನರಕೋಶದ ಸಿಕ್ಕು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆಲ್ಝೈಮರ್ ರೋಗಿಯ ಸಿಕ್ಕಿಗಿಂತ ಬೇರೆಯೇ ಆದ ರಚನೆಯದಾಗಿತ್ತು. ಡಯಾಲಿಸಿಸ್ ರೋಗಿಗಳಿಗೆ ಬಂದ ಕಾಯಿಲೆಯೂ ಬೇರೆಯದು. ಅನ್ನಪಾನಗಳ ಮೂಲಕ ಹೊಟ್ಟೆ ಸೇರುವ ಅಲ್ಯೂಮಿನಿಯಮ್ಮಿನಲ್ಲಿ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಮೆ. ಹುಣಿಸೆಹಣ್ಣಿನ ಹುಳಿ ಆ ಲೋಹವನ್ನು ಕರಗಿಸುತ್ತದೆಯಾದ್ದರಿಂದ ಹುಳಿಯನ್ನೂ ಸಾರನ್ನೂ ಬೇರೆ ಪಾತ್ರೆಯಲ್ಲಿ ಮಾಡುವುದು ಒಳ್ಳೆಯದೇ. ಆದರೆ ಮರೆವಿನ ದೋಷವನ್ನು ಆ ಪಾತ್ರೆಯ ತಲೆಗೆ ಕಟ್ಟಲು ಆಧಾರವಿಲ್ಲ.

ನಿಜವಾದ ಸುಳಿವು ದೊರೆತದ್ದು ಆ ಗಸಿ ಯಾತರದೆಂಬುದನ್ನು ಶೋಧಿಸಿದಾಗ. ಅದಕ್ಕೆ ಅಮಿಲಾಯ್ಡ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ವಿರ್ಶೊ ಎಂಬ ಮಹಾವೈದ್ಯನು, ಅಯೋಡೀನು ತಗಲಿದಾಗ ಇಂಥ ವಸ್ತು ಪಿಷ್ಟದಂತೆ ಬಣ್ಣ ತಾಳಿದ್ದನ್ನು ಕಂಡು, ‘ಹಿಟ್ಟಿನಂಥದು’ ಎಂಬರ್ಥದ ಹೆಸರನ್ನು ಕೊಟ್ಟನು. ಅದು ಪಿಷ್ಟವಲ್ಲ, ಪ್ರೋಟೀನು ಎಂಬುದು ಕೆಲವೇ ವರ್ಷಗಳಲ್ಲಿ ಸಿದ್ಧವಾದರೂ ತಪ್ಪು ಹೆಸರೇ ನಿಂತುಹೋಯಿತು. 1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನರ್ ತನ್ನ ಸಹಾಯಕ ವಾಂಗ್‌ನೊಂದಿಗೆ ಆಲ್ಝೈಮರ್ ರೋಗಿಗಳ ಮಿದುಳಿನ ರಕ್ತನಾಳಗಳಲ್ಲಿ ಕೂಡಿದ್ದ ಅಮಿಲಾಯ್ಡನ್ನು ಬೇರ್ಪಡಿಸಿ, ಅದೊಂದು ಗಿಡ್ಡನೆಯ ಪ್ರೋಟೀನಿನ ತುಣುಕೆಂದು ತೋರಿಸಿದನು. ಇದರ ಮೇಲೆಯೇ ಜೀವಮಾನವನ್ನು ಸವೆಸಿದ ಗ್ಲೆನರ್, ಹೃದಯದಲ್ಲಿ ಇನ್ನೊಂದು ಬಗೆಯ ಅಮಿಲಾಯ್ಡು ತುಂಬಿಕೊಂಡು 1995ರಲ್ಲಿ ತೀರಿಕೊಂಡನು.

ಆ ತುಣುಕು ಬರುವುದೆಲ್ಲಿಂದ? ನರಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಉದ್ದನೆಯ ಪ್ರೋಟೀನೊಂದನ್ನು, ಅಡಕತ್ತರಿ ಅಡಕೆಯನ್ನು ಹೋಳುಮಾಡುವಂತೆ, ಎರಡು ಕಿಣ್ವಗಳು ಎರಡೆಡೆಗಳಲ್ಲಿ ಕತ್ತರಿಸುತ್ತವೆ. ನಡುವಿನ ಹೋಳೇ ಈ ಅಮಿಲಾಯ್ಡು. ಅದು ನಮ್ಮೆಲ್ಲರ ಮಿದುಳಿನಲ್ಲಿಯೂ ಪ್ರತಿದಿನ ಹುಟ್ಟುತ್ತದೆ, ಪ್ರತಿದಿನ ತೊಳೆದುಹೋಗುತ್ತದೆ. ತೊಳೆಯುವುದಕ್ಕಿಂತ ಹುಟ್ಟುವುದು ಹೆಚ್ಚಾದಲ್ಲಿ, ಅಥವಾ ಕತ್ತರಿ ಒಂದಿಷ್ಟು ಆಚೀಚೆ ಬಿದ್ದು ಅಂಟುಗುಣ ಹೆಚ್ಚಿರುವ ಉದ್ದನೆಯ ಹೋಳುಗಳು ಬೀಳತೊಡಗಿದಲ್ಲಿ, ಅವು ಒಂದಕ್ಕೊಂದು ಅಂಟಿ ಗಸಿಗಟ್ಟುತ್ತವೆ. ಈ ಮೂಲಪ್ರೋಟೀನಿನ ವಂಶವಾಹಿ ಇರುವುದು 21ನೆಯ ವರ್ಣತಂತುವಿನಲ್ಲಿ. ಎರಡರ ಬದಲು ಮೂರು 21ನೆಯ ವರ್ಣತಂತುಗಳನ್ನು ಹೊತ್ತು ಹುಟ್ಟುವ ಡೌನ್ ಸಿಂಡ್ರೋಮಿನವರಲ್ಲಿ ಹೆಚ್ಚುಕಡಮೆ ಎಲ್ಲರ ಮಿದುಳಿನಲ್ಲಿಯೂ ನಲವತ್ತು ವರ್ಷದ ಹೊತ್ತಿಗೇ ಈ ಗಸಿ ಕಾಣಿಸಿಕೊಳ್ಳುವುದರ ಗುಟ್ಟು ಇದರಿಂದ ಬಯಲಾಯಿತು. 1991ರಲ್ಲಿ ಅದೇ ವಂಶವಾಹಿಯ ದೋಷವೊಂದು ಇಂಗ್ಲೆಂಡಿನ ಒಂದು ಕುಟುಂಬದ ಆಲ್ಝೈಮರ್ ರೋಗಕ್ಕೆ ಕಾರಣವೆಂಬುದು ಸಿದ್ಧವಾಯಿತು. 1995ರಲ್ಲಿ ಕತ್ತರಿಸುವ ಕಿಣ್ವದ ವಂಶವಾಹಿಗಳಲ್ಲಿಯೇ ದೋಷವಿರುವ ಕುಟುಂಬಗಳು ಸಿಕ್ಕವು.

ಇಂಥ ಕುಟುಂಬಗಳಲ್ಲೆಲ್ಲ ದೊಡ್ಡದು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತದ ಬೆಟ್ಟಗಾಡಿನಲ್ಲಿದೆ. ಫ್ರಾನ್ಸಿಸ್ಕೋ ಲೊಪೇರಾ ಎಂಬ ವೈದ್ಯನು ಆ ಹಳ್ಳಿಗಳಲ್ಲಿ ಅಲೆದು ಸಾವಿರಾರು ಬಂಧುಗಳ ವಂಶವೃಕ್ಷವನ್ನು ಬರೆದನು. ದೋಷವುಳ್ಳ ವಂಶವಾಹಿಯ ಒಂದು ಪ್ರತಿ ಬಂದರೆ ಸಾಕು, ನಲವತ್ತನಾಲ್ಕರ ಸುಮಾರಿಗೆ ನೆನಪು ಮಂಕಾಗುತ್ತದೆ, ಐವತ್ತರೊಳಗೆ ಡಿಮೆನ್ಶಿಯಾ ಹಿಡಿಯುತ್ತದೆ. ಆದರೆ ಅದೇ ಬಂಧುವರ್ಗದ ಒಬ್ಬ ಮಹಿಳೆ ಆ ದೋಷವನ್ನು ಹೊತ್ತಿದ್ದರೂ ಎಪ್ಪತ್ತು ವರ್ಷ ದಾಟುವತನಕ ಸ್ವಸ್ಥಳಾಗಿದ್ದಳು! 2019ರಲ್ಲಿ ಪ್ರಕಟವಾದ ಪರೀಕ್ಷೆಯ ವರದಿಯಂತೆ, ಆಕೆಯ ಮಿದುಳಿನ ತುಂಬ ಅಮಿಲಾಯ್ಡಿನ ಗಸಿಯೇನೋ ಇದ್ದಿತು. ನರಕೋಶದೊಳಗಿನ ಸಿಕ್ಕು ಮಾತ್ರ ಅತ್ಯಲ್ಪವಾಗಿದ್ದಿತು. ಆಕೆಯಲ್ಲಿ ಬೇರೊಂದು ವಂಶವಾಹಿಯ ಅಪೂರ್ವ ರೂಪವೊಂದು ಎರಡು ಪ್ರತಿಗಳಲ್ಲಿ ಇದ್ದು, ಅದೇ ಅವಳನ್ನು ಕಾಪಾಡಿರಬೇಕೆಂದು ವಿದ್ವಾಂಸರು ಊಹಿಸಿದರು. ನೂರಾರು ಪ್ರಯೋಗಶಾಲೆಗಳು ಹೇಳಲಾರದಿದ್ದುದನ್ನು ಆ ಒಂದು ಜೀವ ಹೇಳಿತು: ಗಸಿಯು ರೋಗಕ್ಕೆ ನಾಂದಿ ಹಾಡಬಹುದು, ಬುದ್ಧಿಯನ್ನು ಕೊಲ್ಲುವ ಕೆಲಸ ಮುಂದಿನ ಬೇರೆ ಮೆಟ್ಟಿಲುಗಳಲ್ಲಿ ನಡೆಯುತ್ತದೆ.

ಆ ಮುಂದಿನ ಮೆಟ್ಟಿಲು ಸಿಕ್ಕುಗಳದು. ಅವು ಟೌ ಎಂಬ ಪ್ರೋಟೀನಿನವು. ನರಕೋಶದೊಳಗೆ ಪೋಷಕದ್ರವ್ಯಗಳು ಸಂಚರಿಸುವ ನಾಳಗಳಿಗೆ ಊರೆಗೋಲಿನಂತಿರಬೇಕಾದ ಈ ಟೌ, ಕಳಚಿಬಿದ್ದು ತನ್ನಲ್ಲಿ ತಾನೇ ಹೊಸೆದುಕೊಂಡಾಗ ಸಂಚಾರ ನಿಂತು ಕೋಶವು ಸೊರಗಿ ಸಾಯುತ್ತದೆ. ಆಲ್ಝೈಮರನ ಫ್ರಾಂಕ್‌ಫರ್ಟಿನಲ್ಲಿಯೇ ಹೈಕೊ ಬ್ರಾಕ್ ಮತ್ತು ಇವಾ ಬ್ರಾಕ್ ದಂಪತಿಗಳು 1991ರಲ್ಲಿ ಈ ಸಿಕ್ಕಿನ ಪ್ರಯಾಣದ ನಕ್ಷೆಯನ್ನು ಬರೆದರು. ಅದು ಮೊದಲು ಹೊಸ ನೆನಪುಗಳಿಗೆ ಹೆಬ್ಬಾಗಿಲಾದ ಕಣತಲೆಯ ಬಳಿಯ ಮಿದುಳಿನ ಒಳಮೈಯ ಭಾಗದಲ್ಲಿ ತೋರಿ, ಹಿಪ್ಪೊಕ್ಯಾಂಪಸ್ ಎಂಬ ಸ್ಮೃತಿಯ ಬೀಡಿಗೆ ನುಗ್ಗಿ, ಕೊನೆಗೆ ಭಾಷೆ ವಿವೇಚನೆಗಳ ನೆಲೆಗಳಿಗೆ ಹಬ್ಬುತ್ತದೆ. ಈಗ ತಾನೇ ಮಾಡಿದ ಊಟ ಮರೆತುಹೋಗಿ ಐವತ್ತು ವರ್ಷದ ಹಿಂದಿನ ಹಸೆಹಾಡು ಉಳಿದುಕೊಂಡುದರ ಮರ್ಮ ಇದೇ: ಹೊಸದನ್ನು ಒಳಗೊಳ್ಳುವ ಬಾಗಿಲು ಮೊದಲು ಮುಚ್ಚುತ್ತದೆ, ಒಳಗೆ ಎಂದೋ ಸೇರಿಕೊಂಡದ್ದು ಕೊನೆಗೆ ಹೋಗುತ್ತದೆ. ಅಮಿಲಾಯ್ಡು ಕೂಡತೊಡಗುವುದು ಮೊದಲ ಮರೆವಿಗೆ ಹದಿನೈದು ಇಪ್ಪತ್ತು ವರ್ಷಗಳಷ್ಟು ಮುಂಚೆ. ನಮ್ಮ ದೊಡ್ಡಮ್ಮನವರ ಎಳೆ ನಿಂತದ್ದು ಅರವತ್ತೆಂಟರಲ್ಲಾದರೆ, ವ್ಯಾಧಿ ಒಳಗೆ ಬೇರುಬಿಟ್ಟದ್ದು, ಅವರು ಮೂರು ಮದುವೆಗಳ ಅಡುಗೆಯನ್ನು ಏಕಾಕಿಯಾಗಿ ನಿಭಾಯಿಸುತ್ತಿದ್ದ ಐವತ್ತರ ಆಸುಪಾಸಿನಲ್ಲಿ.

ಅಮಿಲಾಯ್ಡನ್ನು ತೊಳೆಯುವ ಔಷಧಿಗಳು ಈಗ ಬಂದಿವೆ. 2023ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಲೆಕಾನೆಮ್ಯಾಬ್ ಎಂಬುದು ಆರಂಭದ ಹಂತದ ರೋಗಿಗಳಲ್ಲಿ ಹದಿನೆಂಟು ತಿಂಗಳ ಅವಧಿಗೆ ಅವನತಿಯ ವೇಗವನ್ನು ನೂರಕ್ಕೆ 27ರಷ್ಟು ತಗ್ಗಿಸಿತು. ಮಿದುಳಿನಲ್ಲಿ ಊತ, ರಕ್ತಸ್ರಾವ ಮುಂತಾದ ಅಪಾಯಗಳೂ ಅದರ ಬೆನ್ನಿಗಿವೆ. ಗಸಿ ಬಹುಮಟ್ಟಿಗೆ ತೊಳೆದುಹೋದರೂ ರೋಗ ನಿಲ್ಲದಿರುವುದನ್ನು ನೋಡಿದರೆ, ಕಾರಣಗಳ ಕೊಂಡಿಯಲ್ಲಿ ಇನ್ನೂ ಹಲವು ಕೈಗಳು ಸೇರಿರುವುದು ಖಂಡಿತ.

ಅವುಗಳಲ್ಲೊಂದು ಆನುವಂಶಿಕವಾದ ಒಲವು. ಕೊಲಂಬಿಯಾದಲ್ಲಿರುವಂಥ ವಂಶದೋಷದಿಂದ ರೋಗ ಬರುವವರು ನೂರರಲ್ಲಿ ಒಬ್ಬರಿಗಿಂತಲೂ ಕಡಮೆ. ಉಳಿದವರಲ್ಲಿ ಕೊಬ್ಬನ್ನು ಸಾಗಿಸುವ ಎಪಿಒಇ ಎಂಬ ಪ್ರೋಟೀನಿನ ನಾಲ್ಕನೆಯ ಬಗೆ ಇದ್ದರೆ ಅಪಾಯ ಹೆಚ್ಚೆಂಬುದನ್ನು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಕಂಡರು. ಒಂದು ಪ್ರತಿಯಿದ್ದರೆ ಸುಮಾರು ಮೂರು ಪಟ್ಟು, ತಾಯಿತಂದೆಗಳಿಬ್ಬರಿಂದಲೂ ಬಂದಿದ್ದರೆ ಎಂಟರಿಂದ ಹನ್ನೆರಡು ಪಟ್ಟು. ಇಷ್ಟಾದರೂ ಅದು ವಿಧಿಲಿಖಿತವಲ್ಲ. ಆ ಬಗೆಯನ್ನು ಹೊತ್ತು ತೊಂಬತ್ತು ದಾಟಿ ಸ್ವಸ್ಥರಾಗಿರುವವರೂ ಉಂಟು. ಮಿದುಳಿನ ಕಸವನ್ನು ಗುಡಿಸುವ ರಕ್ಷಕಕೋಶಗಳು ಸೋತು, ಅಥವಾ ಕೆರಳಿ, ನೆರೆಯ ನರಕೋಶಗಳನ್ನೇ ಹಾಳುಗೆಡಹುವುದೂ ಒಂದು ಕಾರಣವಿರಬೇಕೆಂದು ಈಚಿನ ವಂಶವಾಹಿಶೋಧನೆಗಳು ಸೂಚಿಸುತ್ತಿವೆ. ಸೋಂಕಿನ ವಿಚಾರವೂ ಇದರೊಡನೆ ತಳುಕುಹಾಕಿಕೊಂಡಿದೆ. ಬಾಲ್ಯದ ಸೀತಾಳೆ ಸಿಡುಬಿನ ವೈರಸ್ ನರಗಳಲ್ಲಿ ಅಡಗಿದ್ದು ಮುಪ್ಪಿನಲ್ಲಿ ಸರ್ಪಸುತ್ತಾಗಿ ಹೊರಬೀಳುವುದುಂಟಷ್ಟೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ 2013ರಲ್ಲಿ ಸರ್ಪಸುತ್ತಿನ ಲಸಿಕೆಯನ್ನು ಕೊಡತೊಡಗಿದಾಗ, 1933ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರಿಗೆ ಮಾತ್ರ ಅದು ದೊರೆಯುವ ನಿಯಮವಿದ್ದಿತು. ಹುಟ್ಟಿದ ದಿನದ ಕೆಲವೇ ವಾರಗಳ ಅಂತರದಿಂದ ಲಸಿಕೆ ದೊರೆತವರೂ ತಪ್ಪಿದವರೂ ಬೇರೆಯಾದುದರಿಂದ ಪ್ರಕೃತಿಯೇ ಒಂದು ಪ್ರಯೋಗವನ್ನು ಏರ್ಪಡಿಸಿಕೊಟ್ಟಂತಾಯಿತು. ಲಸಿಕೆ ಪಡೆದವರಲ್ಲಿ ಮುಂದಿನ ಏಳು ವರ್ಷಗಳಲ್ಲಿ ಡಿಮೆನ್ಶಿಯಾ ಸುಮಾರು ಐದನೆಯ ಒಂದು ಪಾಲು ಕಡಮೆಯಾಗಿದ್ದಿತೆಂದು 2025ರಲ್ಲಿ ಪ್ರಕಟವಾಯಿತು. ವೈರಸ್ಸೇ ಕಾರಣವೆಂದು ಇದರಿಂದ ಸಾಧಿತವಾಗದಿದ್ದರೂ, ಇದನ್ನು ಅಲಕ್ಷ್ಯ ಮಾಡುವಂತಿಲ್ಲ.

ಇನ್ನು, ನಮ್ಮ ನಿಮ್ಮ ಕೈಗೆಟಕುವ ಕಾರಣಗಳಿಗೆ ಬರುತ್ತೇನೆ. ಈ ಲೇಖನವನ್ನು ಬರೆಯಲು ಕುಳಿತದ್ದೇ ಇವುಗಳಿಗಾಗಿ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞಮಂಡಲಿಯೊಂದು ಜಗತ್ತಿನ ಅಧ್ಯಯನಗಳನ್ನೆಲ್ಲ ತೂಗಿನೋಡಿ, ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ನಿವಾರಿಸಿದಲ್ಲಿ ಡಿಮೆನ್ಶಿಯಾದ ಸುಮಾರು ನೂರಕ್ಕೆ 45 ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಲೆಕ್ಕಹಾಕಿತು. ನಡುವಯಸ್ಸಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲು, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ಮೈಗೆ ಶ್ರಮವಿಲ್ಲದಿರುವುದು, ತಲೆಗೆ ಬಿದ್ದ ಪೆಟ್ಟು, ಖಿನ್ನತೆ, ಏಕಾಕಿತನ, ಹೊಗೆಗಾಳಿ, ಚಿಕಿತ್ಸೆಯಿಲ್ಲದ ಮಂದದೃಷ್ಟಿ, ಚಿಕ್ಕಂದಿನಲ್ಲಿ ವಿದ್ಯೆಯಿಲ್ಲದಿರುವುದು, ಕಿವುಡು. ಕೊನೆಯದನ್ನು ಓದಿದಾಗ ನನಗೆ ಎದೆ ಚುರುಕ್ಕೆಂದಿತು. ಕಿವಿ ಕೇಳದವನು ಮಾತಿನಿಂದ ಹಿಂದೆ ಸರಿಯುತ್ತಾನೆ; ಮಾತಿಲ್ಲದ ಮಿದುಳಿಗೆ ವ್ಯಾಯಾಮವಿಲ್ಲ; ಅಸ್ಪಷ್ಟವಾದ ಸದ್ದನ್ನು ಬಿಡಿಸಿಕೊಳ್ಳುವ ಪ್ರಯಾಸದಲ್ಲಿ ನೆನಪಿಗೆ ಸಲ್ಲಬೇಕಾದ ಶಕ್ತಿಯೂ ವೆಚ್ಚವಾಗುತ್ತದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಟ್ಟಾರೆ ವ್ಯತ್ಯಾಸ ಕಾಣದಿದ್ದರೂ, ಅಪಾಯ ಹೆಚ್ಚಾಗಿದ್ದ ವೃದ್ಧರ ಗುಂಪಿನಲ್ಲಿ ಶ್ರವಣಯಂತ್ರವು ಬುದ್ಧಿಯ ಅವನತಿಯನ್ನು ಮೂರು ವರ್ಷಗಳಲ್ಲಿ ಸರಿಸುಮಾರು ಅರ್ಧಕ್ಕಿಳಿಸಿತು. ದೊಡ್ಡಮ್ಮನವರಿಗೆ ತಂದುಕೊಟ್ಟಿದ್ದ ಯಂತ್ರವು ‘ಗುಂಯ್ ಅನ್ನುತ್ತೆ’ ಎಂಬ ಕಾರಣದಿಂದ ಬೀರುವಿನಲ್ಲಿಯೇ ಉಳಿಯಿತು. ಅದನ್ನು ಸರಿಪಡಿಸಿಕೊಡಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ವಿದ್ಯೆಯೂ ಮಾತೂ ಮಿದುಳಿಗೆ ಒಂದು ಬಗೆಯ ಇಡುಗಂಟು. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ 1986ರಿಂದ 678 ಮಂದಿ ಕ್ರೈಸ್ತ ಸಂನ್ಯಾಸಿನಿಯರನ್ನು ಅಭ್ಯಸಿಸಿದನು. ಒಂದೇ ಊಟ, ಒಂದೇ ದಿನಚರಿ, ಒಂದೇ ಬಗೆಯ ವಸತಿಯುಳ್ಳ ಅವರು ಮರಣಾನಂತರ ತಮ್ಮ ಮಿದುಳನ್ನು ಕೊಡಲು ಒಪ್ಪಿದ್ದರು. ನೂರೊಂದು ವರ್ಷ ಬಾಳಿ, ಕೊನೆಯತನಕ ಚುರುಕಾಗಿದ್ದ ಸೋದರಿ ಮೇರಿಯ ಮಿದುಳಿನಲ್ಲಿ ಗಸಿಯೂ ಸಿಕ್ಕೂ ಯಥೇಚ್ಛವಾಗಿದ್ದವು. ಇಪ್ಪತ್ತರ ಹರೆಯದಲ್ಲಿ ಮಠ ಸೇರುವಾಗ ಬರೆದುಕೊಟ್ಟ ಆತ್ಮವೃತ್ತಾಂತಗಳಲ್ಲಿ ವಿಚಾರಗಳು ದಟ್ಟವಾಗಿದ್ದವರಿಗೆ ಅರುವತ್ತು ವರ್ಷಗಳ ಬಳಿಕ ಆಲ್ಝೈಮರ್ ರೋಗ ಬಂದದ್ದು ಕಡಮೆ. ಇಂಥದೇ ಒಂದು ಸಂಗತಿ ನಮ್ಮ ಮಗ್ಗುಲಲ್ಲಿಯೇ ಉಂಟು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿರುವ ಸುವರ್ಣ ಅಲ್ಲಾಡಿಯವರು ಹೈದರಾಬಾದಿನಲ್ಲಿದ್ದಾಗ ಡಿಮೆನ್ಶಿಯಾದ 648 ರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ರೋಗವು ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತೆಂದು 2013ರಲ್ಲಿ ತೋರಿಸಿದರು. ಅಕ್ಷರ ಬಾರದವರಲ್ಲಿಯೂ ಇದು ಹಾಗೆಯೇ ಇದ್ದಿತು. ಮನೆಯಲ್ಲೊಂದು, ಸಂತೆಯಲ್ಲೊಂದು, ನೆರೆಯವರೊಡನೆ ಮತ್ತೊಂದು ಭಾಷೆಯನ್ನಾಡುವ ನಮ್ಮ ಗಡಿನಾಡಿನ ಜನಕ್ಕೆ ಇದೊಂದು ಸಂತೋಷದ ವಾರ್ತೆ.

ಪಾಶ್ಚಾತ್ಯರ ಲೆಕ್ಕಗಳೆಲ್ಲ ನಮಗೂ ಯಥಾವತ್ತಾಗಿ ಅನ್ವಯಿಸುತ್ತವೆಯೆಂದು ಹೇಳಲಾಗದು. ನಮ್ಮ ಊಟ ಬೇರೆ, ವಂಶವಾಹಿಗಳ ಬೆರಕೆ ಬೇರೆ, ಸಕ್ಕರೆ ಕಾಯಿಲೆ ಬರುವ ವಯಸ್ಸೂ ಬೇರೆ. ಆದಕಾರಣ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ನಲವತ್ತೈದು ದಾಟಿದ 10,000 ಮಂದಿಯನ್ನು ವರುಷ ವರುಷವೂ ಪರೀಕ್ಷಿಸುವ ದೀರ್ಘವ್ರತವನ್ನು 2018ರಲ್ಲಿ ಕೈಕೊಂಡಿದ್ದಾರೆ. ಮಾವಿನ ತೋಪುಗಳ ನಡುವೆ ಬಾಳುವ ಆ ರೈತರು ತಮ್ಮ ರಕ್ತವನ್ನೂ ಸಮಯವನ್ನೂ ಕೊಟ್ಟು ನಡೆಸಿಕೊಡುತ್ತಿರುವ ಈ ಕಾರ್ಯಕ್ಕೆ ಕನ್ನಡನಾಡು ಋಣಿಯಾಗಿರತಕ್ಕದ್ದು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಭಂಡಾರವೊಂದಿದ್ದು, ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಿಡುತ್ತಾರೆ. ನೇತ್ರದಾನಕ್ಕೆ ಒಗ್ಗಿದ ನಮ್ಮ ಜನ ಈ ದಾನಕ್ಕೂ ಮನಸ್ಸು ಮಾಡಬೇಕೆಂಬುದು ನನ್ನ ಆಸೆ.

ಕೊನೆಗೊಂದು ಮಾತನ್ನು ಬಿಡುವಂತಿಲ್ಲ. ಮರೆವೆಲ್ಲವೂ ಆಲ್ಝೈಮರ್ ರೋಗವಲ್ಲ. ಥೈರಾಯ್ಡು ಗ್ರಂಥಿ ಮಂದವಾದರೆ ಮರೆವು ಬರುತ್ತದೆ. ಬಿ-12 ಜೀವಸತ್ವದ ಕೊರತೆಯಿಂದ ಬರುತ್ತದೆ, ಅದು ಶಾಕಾಹಾರಿಗಳಾದ ವೃದ್ಧರಲ್ಲಿ ಬಹಳ ಸಾಮಾನ್ಯ. ಬಚ್ಚಲಲ್ಲಿ ಜಾರಿಬಿದ್ದು ತಲೆಬುರುಡೆಯೊಳಗೆ ಮೆಲ್ಲನೆ ರಕ್ತ ಕೂಡಿದರೂ, ಮಿದುಳಿನಲ್ಲಿ ನೀರು ತುಂಬಿದರೂ, ನಿದ್ರೆಯ ಮಾತ್ರೆಗಳಿಂದಲೂ, ಆಳವಾದ ದುಃಖದಿಂದಲೂ ಬರುತ್ತದೆ. ಇವೆಲ್ಲವೂ ಬಹುಮಟ್ಟಿಗೆ ಚಿಕಿತ್ಸೆಗೆ ಬಗ್ಗುವಂಥವು. ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್, ಸೇವಿಸುತ್ತಿರುವ ಮಾತ್ರೆಗಳ ಚೀಟಿ, ಇಷ್ಟರಿಂದ ಬಹುಪಾಲು ತಿಳಿದುಬರುವಂಥವು. ಅರಳುಮರಳೆಂದು ನಕ್ಕು ಕೂತ ಮನೆಯಲ್ಲಿ ಇವೂ ಕಾಣದೆಯೇ ಹೋಗುತ್ತವೆ. ನಿಮ್ಮ ಮನೆಯ ಹಿರಿಯರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ, ನಾಲ್ಕು ಸಲವೂ ಸಮಾಧಾನದಿಂದ ಉತ್ತರ ಹೇಳಿ, ತಡಮಾಡದೆ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಕಿವಿಯ ಯಂತ್ರ ಗುಂಯ್‌ಗುಟ್ಟುತ್ತಿದ್ದರೆ ಅದನ್ನು ರಿಪೇರಿ ಮಾಡಿಸಿಕೊಡಿರಿ. ನೀವೇ ನಲವತ್ತು ದಾಟಿದವರಾಗಿದ್ದರೆ, ಈ ವಾರ ಮುಗಿಯುವುದರೊಳಗಾಗಿ ನಿಮ್ಮ ರಕ್ತದೊತ್ತಡವನ್ನೊಮ್ಮೆ ಅಳೆಸಿಕೊಳ್ಳಿರಿ.